ಜೋಡಿ ಫೋಲ್ಡರ್‌ಗಳ ವಿಲೀನ: ಅಳಿಸುವ ಮುನ್ನ ಹೋಲಿಕೆ

ಗ್ರಾಮ ಪಂಚಾಯತಿ ಕಚೇರಿಗಳಲ್ಲಿ ನಡಾವಳಿ, ಫಲಾನುಭವಿಗಳ ಪಟ್ಟಿ ಹಾಗೂ ಕಾಮಗಾರಿಗಳ ಛಾಯಾಚಿತ್ರಗಳ ಪ್ರತಿಗಳನ್ನು ಗೂಗಲ್ ಡ್ರೈವ್‌ನಂತಹ ಕ್ಲೌಡ್ ಸಂಗ್ರಹದಲ್ಲಿ ಇರಿಸುವ ರೂಢಿಯಿದೆ. ಕಂಪ್ಯೂಟರ್ ಮತ್ತು ಕ್ಲೌಡ್ ಎರಡರಲ್ಲಿಯೂ ಕಡತಗಳು ತಾವಾಗಿಯೇ ಒಂದೇ ರೀತಿ ಇರುವಂತೆ ಮಾಡುವ ವ್ಯವಸ್ಥೆಗೆ ಸಿಂಕ್ ಎಂದು ಹೆಸರು. ಅಂತರ್ಜಾಲ ಸಂಪರ್ಕ ಕಡಿದಿರುವಾಗ ಒಂದೇ ಕಡತವನ್ನು ಎರಡು ಕಂಪ್ಯೂಟರ್‌ಗಳಲ್ಲಿ ತಿದ್ದಿದರೆ ಜೋಡಿ ಕಡತಗಳು ಉಂಟಾಗಬಹುದು. ಹಳೆಯ ಫೋಲ್ಡರನ್ನು ಹೊಸ ಕಂಪ್ಯೂಟರಿನಿಂದ ಮತ್ತೊಮ್ಮೆ ಏರಿಸಿದರೆ ಇಡೀ ಫೋಲ್ಡರೇ ಜೋಡಿಯಾಗಬಹುದು.

ಇದು ಕೇವಲ ಜಾಗದ ಸಮಸ್ಯೆಯಲ್ಲ. ಒಂದು ಫೋಲ್ಡರಿನಲ್ಲಿ ವಸತಿ ಫಲಾನುಭವಿಗಳ ಕರಡು ಪಟ್ಟಿಯೂ ಇನ್ನೊಂದರಲ್ಲಿ ಗ್ರಾಮ ಸಭೆ ಅನುಮೋದಿಸಿದ ಪಟ್ಟಿಯೂ ಇರಬಹುದು. ಅನುಮೋದಿತ ಪಟ್ಟಿಯನ್ನು ಅಳಿಸಿ ಕರಡನ್ನು ಉಳಿಸಿದರೆ, ಸಭೆಯಲ್ಲಿ ಸೇರ್ಪಡೆಯಾದ ಅರ್ಹ ಕುಟುಂಬದ ಹೆಸರು ಮುಂದಿನ ಪತ್ರವ್ಯವಹಾರದಲ್ಲಿ ಬಿಟ್ಟುಹೋಗುವ ಅಪಾಯವಿದೆ. ಆದ್ದರಿಂದ ವಿಲೀನವನ್ನು ಈ ಕ್ರಮದಲ್ಲಿ ಕೈಗೊಳ್ಳುವುದು ಸೂಕ್ತ.

1. ಮೊದಲು ಎಲ್ಲ ಕಂಪ್ಯೂಟರ್‌ಗಳಲ್ಲಿಯೂ ಸಿಂಕ್ ತಡೆಹಿಡಿಯಬೇಕು. ಸಿಂಕ್ ಚಾಲನೆಯಲ್ಲಿದ್ದರೆ ಒಂದು ಕಡೆ ಅಳಿಸಿದ ಕಡತ ಎಲ್ಲ ಕಡೆಯೂ ಅಳಿಯುತ್ತದೆ.

2. ಎರಡೂ ಫೋಲ್ಡರ್‌ಗಳನ್ನು ಬ್ರೌಸರ್ ಮೂಲಕ ಇಳಿಸಿಕೊಂಡು, ಪ್ರತ್ಯೇಕ ಹಾರ್ಡ್ ಡಿಸ್ಕ್‌ನಲ್ಲಿ ದಿನಾಂಕದೊಂದಿಗೆ ಇರಿಸಬೇಕು. ಗೂಗಲ್ ಶೀಟ್ಸ್ ಕಡತಗಳು ಕಂಪ್ಯೂಟರಿನ ಡ್ರೈವ್ ಫೋಲ್ಡರಿನಲ್ಲಿ ಬರಿಯ ಕೊಂಡಿಗಳಾಗಿರುತ್ತವೆ. ಅವುಗಳನ್ನು ನಕಲಿಸಿದರೆ ಒಳಗಿನ ಮಾಹಿತಿ ಬರುವುದಿಲ್ಲ. ಬ್ರೌಸರ್ ಮೂಲಕ ಫೋಲ್ಡರ್ ಇಳಿಸಿದಾಗ ಅವು ಎಕ್ಸೆಲ್ ರೂಪದಲ್ಲಿ ದೊರೆಯುತ್ತವೆ. ಸಿಂಕ್ ಆಗದೆ ಕಂಪ್ಯೂಟರಿನಲ್ಲಿಯೇ ಉಳಿದ ಕಡತಗಳನ್ನೂ ಇದರೊಂದಿಗೆ ನಕಲಿಸಬೇಕು.

3. ವಿನ್‌ಮರ್ಜ್‌ನಂತಹ ಉಚಿತ ತಂತ್ರಾಂಶದಿಂದ ಎರಡನ್ನೂ ಹೋಲಿಸಬೇಕು. ಸಮಾನವಾದವು, ಭಿನ್ನವಾದವು ಮತ್ತು ಒಂದರಲ್ಲಿ ಮಾತ್ರ ಇರುವವು ಎಂದು ಅದು ವಿಂಗಡಿಸಿ ತೋರಿಸುತ್ತದೆ.

4. ಸಮಾನ ಕಡತಗಳಲ್ಲಿ ಒಂದನ್ನು ಉಳಿಸಿಕೊಂಡು, ಒಂದರಲ್ಲಿ ಮಾತ್ರ ಇರುವವನ್ನು ಹೊಸ ಫೋಲ್ಡರಿಗೆ ಸೇರಿಸಬೇಕು. ಭಿನ್ನ ಕಡತಗಳನ್ನು ತೆರೆದು, ಸಹಿಯಾದ ನಡಾವಳಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ‘ಮಾರ್ಪಡಿಸಿದ ದಿನಾಂಕ’ವನ್ನಷ್ಟೇ ನಂಬಲಾಗದು, ಹಳೆಯ ಕಡತವನ್ನು ಇಳಿಸಿಕೊಂಡಾಗಲೂ ಅಲ್ಲಿ ಹೊಸ ದಿನಾಂಕ ಕಾಣಿಸಬಹುದು. ತಿರಸ್ಕೃತ ಪ್ರತಿಯನ್ನು ‘ಹಳೆಯ ಪ್ರತಿ’ ಎಂದು ಹೆಸರಿಸಿ ಬೇರೆಯಾಗಿ ಇರಿಸಬೇಕು.

5. ಪರಿಶೀಲನೆ ಮುಗಿದ ಬಳಿಕವೇ ಹೊಸ ಫೋಲ್ಡರನ್ನು ಏರಿಸಿ, ಹಳೆಯವೆರಡನ್ನೂ ತೆಗೆದು, ಸಿಂಕ್ ಪುನರಾರಂಭಿಸಬೇಕು. ಗೂಗಲ್ ಡ್ರೈವ್‌ನ ಕಸದ ಬುಟ್ಟಿಗೆ ಸೇರಿದ ಕಡತಗಳು 30 ದಿನಗಳ ನಂತರ ಶಾಶ್ವತವಾಗಿ ಅಳಿಯುತ್ತವೆ. ಆದಕಾರಣ ಹಾರ್ಡ್ ಡಿಸ್ಕ್ ಪ್ರತಿಯನ್ನು ಮುಂದಿನ ಲೆಕ್ಕ ಪರಿಶೋಧನೆಯವರೆಗಾದರೂ ಕಾಪಾಡುವುದು ಕ್ಷೇಮಕರ.

ಪಂಚತಂತ್ರ ಮತ್ತು ಇ-ಸ್ವತ್ತು ತಂತ್ರಾಂಶಗಳಲ್ಲಿ ದಾಖಲಾದ ಮಾಹಿತಿ ಬೇರೆ ಸರ್ವರ್‌ಗಳಲ್ಲಿರುವುದರಿಂದ ಈ ತೊಡಕು ಅದನ್ನು ಬಾಧಿಸದು. ಆದರೆ ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಯೊಂದಿಗೆ ಕ್ರಮಬದ್ಧವಾಗಿ ನಿರ್ವಹಿಸುವಂತೆ ಸಾರ್ವಜನಿಕ ಪ್ರಾಧಿಕಾರಗಳಿಗೆ ವಿಧಿಸಿದೆ.

ಸದಸ್ಯರಿಗೆ ತಾಂತ್ರಿಕ ಪರಿಣತಿ ಬೇಕಿಲ್ಲ. ಸಾಮಾನ್ಯ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಅಳಿಸುವ ಮುನ್ನ ಪ್ರತಿ ತೆಗೆಯಲಾಗಿದೆಯೇ? ಭಿನ್ನವಾಗಿದ್ದ ಕಡತಗಳು ಯಾವುವು? ಅವುಗಳನ್ನು ನಡಾವಳಿ ಪುಸ್ತಕದೊಂದಿಗೆ ತಾಳೆ ನೋಡಿದವರು ಯಾರು? ಈ ಉತ್ತರಗಳು ಸಭೆಯ ನಡಾವಳಿಯಲ್ಲಿ ದಾಖಲಾದರೆ, ಮುಂದೆ ಪಟ್ಟಿಯ ಬಗ್ಗೆ ತಕರಾರು ಬಂದಾಗ ಗ್ರಾಮಸ್ಥರಿಗೂ ಕಚೇರಿಗೂ ಅದೇ ಆಧಾರವಾಗುತ್ತದೆ.