ಮಕ್ಕಳೊಂದಿಗೆ ಊಟಿಗೆ ಹೊರಟಿರಾ? ಪಟ್ಟಿ ಚಿಕ್ಕದಿರಲಿ!

ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು: "ಎಲ್ಲಾದ್ರೂ ತಣ್ಣಗಿರೋ ಕಡೆ ಹೋಗೋಣ." ಮೈಸೂರಿನವರಾದ ನಮಗೆ ತಣ್ಣಗಿರುವ ಕಡೆ ಎಂದರೆ ಊಟಿ. ಆಗ ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು ತುಂಬಿತ್ತಷ್ಟೆ. ನಮ್ಮವರು ಹಾಳೆಯೊಂದರ ಮೇಲೆ ನೋಡಬೇಕಾದ ಸ್ಥಳಗಳ ಪಟ್ಟಿ ಬರೆದರು. ಎರಡು ದಿನಕ್ಕೆ ಒಂಬತ್ತು ಸ್ಥಳ! ನಾನೇನು ಕಡಿಮೆ? ಚಕ್ಕುಲಿ, ಕೋಡುಬಳೆ, ಪುಳಿಯೋಗರೆ ಎಂದು ಎರಡು ಬುಟ್ಟಿ ತುಂಬಿಸಿದೆ. ಆ ಪಟ್ಟಿ, ಈ ಬುಟ್ಟಿ ಎರಡೂ ಸೇರಿ ನಮಗೆ ಕಲಿಸಿದ ಪಾಠವನ್ನು ನಿಮಗೂ ಹೇಳಿಬಿಡುತ್ತೇನೆ.

ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ. ಗೇಟು ತೆಗೆಯುವ ಹೊತ್ತಿಗೇ ಅಲ್ಲಿರಬೇಕೆಂದು ಮಕ್ಕಳನ್ನು ನಾಲ್ಕಕ್ಕೇ ಎಬ್ಬಿಸಿ, ಹೊಟ್ಟೆ ತುಂಬ ಹಾಲು ಕುಡಿಸಿ ಹೊರಟೆವು. ಗೂಡಲೂರಿನವರೆಗೆ ಎಲ್ಲ ಸೊಗಸು. ಜಿಂಕೆಗಳ ಹಿಂಡು ಕಂಡು ಮಕ್ಕಳು ಕುಣಿದರು. ಅಲ್ಲಿಂದ ಊಟಿಗೆ ಸುಮಾರು 50 ಕಿಲೋಮೀಟರ್, ಬರೀ ತಿರುವು. "ಅಮ್ಮಾ, ಹೊಟ್ಟೆ ತೊಳಸ್ತಿದೆ" ಎಂದ ಚಿಕ್ಕವನು. ಮುಂದಿನದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕೆ?

ಊಟಿ ತಲುಪಿದ ಮೇಲಾದರೂ ಕೋಣೆಗೆ ಹೋಗಿ ಮಲಗಿಸಬೇಕಿತ್ತು. ಆದರೆ ಪಟ್ಟಿ ಕಾಯುತ್ತಿತ್ತಲ್ಲ! ಸಸ್ಯೋದ್ಯಾನ ಆಯಿತು, ಕೆರೆ ಆಯಿತು, ಸಂಜೆಗೆ ದೊಡ್ಡಬೆಟ್ಟ. 2637 ಮೀಟರ್ ಎತ್ತರದ ಆ ತುದಿಯಲ್ಲಿ ಮಂಜು ಕವಿದು ನಮ್ಮ ಕೈ ನಮಗೇ ಕಾಣದು. ಚಳಿಗಾಳಿಗೆ ನಡುಗುತ್ತಾ ದೊಡ್ಡವಳು ಕೇಳಿದಳು: "ಅಮ್ಮಾ, ನಮ್ಮನೆಗೆ ಯಾವಾಗ ಹೋಗೋದು?" ಕೊಟ್ಟದ್ದನ್ನೆಲ್ಲ ಕಕ್ಕುತ್ತಿದ್ದ ಚಿಕ್ಕವನು ಹೆಗಲ ಮೇಲೆ ಬಾಡಿದ ಸೊಪ್ಪಿನಂತೆ ಬಿದ್ದಿದ್ದ. "ದಾರಿ ಆಯಾಸ, ನಾಳೆಗೆ ಸರಿಹೋಗ್ತಾನೆ" ಅಂದರು ನಮ್ಮವರು. ನಾನೂ ಹೂಂ ಅಂದೆ.

ರಾತ್ರಿ ಎಂಟಕ್ಕೆ ಬಟ್ಟೆ ಬದಲಾಯಿಸುವಾಗ ಎದೆ ಧಸಕ್ಕೆಂದಿತು. ಮಧ್ಯಾಹ್ನದಿಂದ ಮಗು ಒಂದು ಸಲವೂ ಮೂತ್ರ ಮಾಡಿರಲಿಲ್ಲ. ತುಟಿ ಒಣಗಿತ್ತು. ಅತ್ತರೂ ಕಣ್ಣೀರಿಲ್ಲ. ಗೊತ್ತಿಲ್ಲದ ಊರು, ಕೊರೆಯುವ ಚಳಿ. ಕಾವಲುಗಾರನ ಹೆಂಡತಿ ಬಡಗ ಹೆಂಗಸು; ಅವರ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರವೆಂದು ಆ ರಾತ್ರಿ ತಿಳಿಯಿತು. ನನ್ನ ಗಾಬರಿ ಅವಳಿಗೆ ಅರ್ಥವಾಯಿತು, ಅವಳ ಧೈರ್ಯ ನನಗೆ. ಅವಳೇ ದಾರಿ ತೋರಿಸಿ ಡಾಕ್ಟರ ಬಳಿ ಕರೆದೊಯ್ದಳು. ರಾತ್ರಿಯಿಡೀ ಓ.ಆರ್.ಎಸ್. ನೀರನ್ನು ಚಮಚ ಚಮಚವಾಗಿ ಕುಡಿಸಿದೆವು. ಬೆಳಗಿನ ಜಾವ ಹಾಸಿಗೆ ಒದ್ದೆಯಾದಾಗ ನಾನು ಅತ್ತೇಬಿಟ್ಟೆ. ಮಗು ಹಾಸಿಗೆ ಒದ್ದೆ ಮಾಡಿತೆಂದು ಸಂತೋಷಪಟ್ಟ ತಾಯಿ ನಾನೊಬ್ಬಳೇ ಇರಬೇಕು!

ಎಲ್ಲಿ ತಪ್ಪಿದೆವು?

ಎರಡು ವರ್ಷ ದಾಟಿದ ಮಕ್ಕಳಿಗೆ ತಿರುವಿನ ದಾರಿಯಲ್ಲಿ ಹೊಟ್ಟೆ ತೊಳಸುವುದು ಸಹಜ. ಹೊರಡುವಾಗ ಹೊಟ್ಟೆ ತುಂಬ ಹಾಲು, ಎಣ್ಣೆತಿಂಡಿ ಬೇಡ. ಒಂದು ಇಡ್ಲಿ, ಎರಡು ಬಿಸ್ಕತ್ತು ಸಾಕು. ಕಾರಿನಲ್ಲಿ ಚಿತ್ರದ ಪುಸ್ತಕ, ಫೋನು ಕೊಡದೆ ದೂರದ ಬೆಟ್ಟ ನೋಡಲು ಹೇಳಿ. ಕಿಟಕಿ ಸ್ವಲ್ಪ ತೆರೆದಿರಲಿ. ಅರ್ಧ ಗಂಟೆಗೊಮ್ಮೆ ಸುರಕ್ಷಿತ ಜಾಗ ನೋಡಿ ಇಳಿಸಿ ನಡೆದಾಡಿಸಿ. ಎತ್ತರ ಏರಿದಂತೆ ಕಿವಿ ಗುಂಯ್‌ಗುಟ್ಟುತ್ತದೆ; ಕೂಸಿಗೆ ಹಾಲು, ದೊಡ್ಡ ಮಕ್ಕಳಿಗೆ ಗುಟುಕು ನೀರು ಕೊಟ್ಟರೆ ನುಂಗುವಾಗ ಸರಿಯಾಗುತ್ತದೆ. ವಾಂತಿಯ ಔಷಧವನ್ನು ಮಾತ್ರ ಡಾಕ್ಟರನ್ನು ಕೇಳದೆ ಕೊಡಬೇಡಿ.

ಓ.ಆರ್.ಎಸ್. ಪೊಟ್ಟಣ ಚೀಲದಲ್ಲಿ ಇರಲೇಬೇಕು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಬೆರೆಸಿ, ಅಂದಾಜು ಸಲ್ಲದು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಕೊಡಿ. ಮೂತ್ರ ನಿಂತರೆ, ಮಗು ಮಂಕಾದರೆ ಬೆಳಗಿಗೆ ಕಾಯಬೇಡಿ.

ಮೈಸೂರಿಗಿಂತ ಊಟಿ ಸುಮಾರು 1500 ಮೀಟರ್ ಎತ್ತರ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಸೆಕೆ ಇಳಿಯುತ್ತದೆ. ಒಂದೇ ದಪ್ಪ ಸ್ವೆಟರಿಗಿಂತ ಎರಡು ಮೂರು ತೆಳು ಬಟ್ಟೆ ಮೇಲು. ಬಿಸಿಲು ಬಂದಾಗ ಒಂದೊಂದೇ ತೆಗೆಯಬಹುದು. ಟೋಪಿ, ಕಾಲುಚೀಲ ಮರೆಯಬೇಡಿ. ಅಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಕುಕ್ಕರಿಲ್ಲದೆ ಬೇಳೆ ಬೇಯುವುದು ತಡ. ಕುಡಿಯುವ ನೀರನ್ನು ಮೂರು ನಿಮಿಷ ಚೆನ್ನಾಗಿ ಮಳ್ಳಿಸಿ. ಪ್ಲಾಸ್ಟಿಕ್ ಬಾಟಲಿಯ ಬದಲು ಸ್ಟೀಲ್ ಫ್ಲಾಸ್ಕ್ ಒಯ್ಯಿರಿ.

ಒಲೆ ಬೇಡದ ತಿಂಡಿ

ರಜೆಯಲ್ಲೂ ನಾವೇ ಒಲೆಯ ಮುಂದೆ ನಿಂತರೆ ಅದು ಯಾರ ರಜೆ, ಹೇಳಿ? ಎರಡು ಬಟ್ಟಲು ರಾಗಿ ಹುರಿಹಿಟ್ಟು, ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ, ಅರ್ಧ ಬಟ್ಟಲು ಬೆಚ್ಚಗೆ ಹುರಿದು ಪುಡಿಮಾಡಿದ ಕೊಬ್ಬರಿ, ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ. ಎಲ್ಲವನ್ನೂ ಬೆರೆಸಿ ಡಬ್ಬಿಗೆ ತುಂಬಿ. ಬೇಕೆಂದಾಗ ಬಿಸಿನೀರು ಅಥವಾ ಬಿಸಿಹಾಲಿನಲ್ಲಿ ಕಲಸಿ, ಚಮಚ ತುಪ್ಪ ಹಾಕಿ ಕೊಡಿ. ಚಳಿಗೂ ಹಿತ, ಹೊಟ್ಟೆಗೂ ಹಗುರ.

ಮರುವರ್ಷ ಮತ್ತೆ ಹೋದೆವು. ಪಟ್ಟಿ ಬರೆದದ್ದು ನಾನು: ದಿನಕ್ಕೊಂದೇ ಸ್ಥಳ, ಮಧ್ಯಾಹ್ನ ಎಲ್ಲರಿಗೂ ನಿದ್ದೆ. ಮಕ್ಕಳ ಸ್ನಾನ, ಊಟ ಅವರಪ್ಪನ ಪಾಲಿಗೆ! ಮೊದಲ ದಿನ ತಿರುಗಾಟವೇ ಇಲ್ಲ. ಎರಡನೆಯ ದಿನ ಕೂನೂರಿನಿಂದ ಊಟಿಗೆ ಪುಟ್ಟ ರೈಲು. ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ಬಂದ ಈ ರೈಲು 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಿಕ್ಕವನಿಗೆ ಅದೆಲ್ಲ ಯಾಕೆ? ಸುರಂಗ ಬಂದಾಗಲೆಲ್ಲ ಕೂಗಿದ್ದೇ ಕೂಗಿದ್ದು. ಮೂರನೆಯ ದಿನ ಸಸ್ಯೋದ್ಯಾನದ ಹುಲ್ಲಿನ ಇಳಿಜಾರಿನಲ್ಲಿ ಇಬ್ಬರೂ ಉರುಳಾಡಿದರು. ನಾನು ಕೈಕಟ್ಟಿ ಕೂತು ನೋಡಿದೆ. ಎಷ್ಟು ವರ್ಷವಾಗಿತ್ತೋ ಹಾಗೆ ಸುಮ್ಮನೆ ಕೂತು!

ಹೊರಡುವಾಗ ದೊಡ್ಡವಳು, "ಅಮ್ಮಾ, ಇನ್ನೊಂದು ದಿನ ಇರೋಣ" ಎಂದಳು. ಒಂಬತ್ತರಲ್ಲಿ ಏಳು ಸ್ಥಳ ಬಿಟ್ಟೆವೆಂದು ನಮ್ಮವರು ಇಂದಿಗೂ ಗೊಣಗುತ್ತಾರೆ. ಗೊಣಗಲಿ ಬಿಡಿ. ದೊಡ್ಡಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಮಕ್ಕಳು ದೊಡ್ಡವರಾದ ಮೇಲೂ ಅಲ್ಲೇ ಇರುತ್ತದೆ.