‘ಸಾಯ್ಬೇಕು ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳೋದು ಹೇಗೆ?

ಮೊಸಳೆ ಅಂದ್ರೆ ಹಾಸನದ ಜನಕ್ಕೆ ನೆನಪಾಗೋದು ಹೊಯ್ಸಳರ ಜೋಡಿ ದೇವಸ್ಥಾನ. ಒಂದೇ ಅಂಗಳದಲ್ಲಿ ನಾಗೇಶ್ವರ, ಚೆನ್ನಕೇಶವ. ಆದ್ರೆ 2025ರ ಸೆಪ್ಟೆಂಬರ್ 12ರ ರಾತ್ರಿಯಿಂದ ಆ ಕಡೆಯ ಹೆಸರು ಕೇಳಿದ್ರೆ ಬೇರೆಯದೇ ಚಿತ್ರ ಕಣ್ಮುಂದೆ ಬರುತ್ತೆ. ಪಕ್ಕದ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆ ಹೊರಟಿತ್ತು. ಕುಣೀತಿದ್ದ ಹುಡುಗರ ಮೇಲೆ ಲಾರಿ ನುಗ್ಗಿತು. ಮರುದಿನದ ಹೊತ್ತಿಗೆ ಸತ್ತವರ ಸಂಖ್ಯೆ ಒಂಬತ್ತು ದಾಟಿದ್ರೂ ಆಶ್ಚರ್ಯವಿಲ್ಲ ಅನ್ನೋ ಸ್ಥಿತಿ. ಸತ್ತವರಲ್ಲಿ ಎಂಜಿನಿಯರಿಂಗ್ ಓದ್ತಿದ್ದ ಮಕ್ಕಳೂ ಇದ್ರು.

ಸರ್ಕಾರ ಪರಿಹಾರ ಘೋಷಿಸಿತು. ನಾಯಕರು ಬಂದು ಹೋದ್ರು. ಕ್ಯಾಮೆರಾಗಳೂ ಬಂದು ಹೋದ್ವು. ಇವತ್ತು ನಾನು ಮಾತಾಡ್ಬೇಕು ಅಂದ್ಕೊಂಡಿರೋದು ಕ್ಯಾಮೆರಾ ಹೋದ ಮೇಲಿನ ಕಥೆ.

ಇಂಥ ದುರಂತ ಎಲ್ಲೇ ಆಗ್ಲಿ, ನಾವು ಟಿವಿಯವರು ಮೈಕ್ ಹಿಡಿದು ಕೇಳೋ ಒಂದು ಪ್ರಶ್ನೆ ಇದೆ: ‘ಈಗ ನಿಮಗೆ ಹೇಗನ್ನಿಸ್ತಿದೆ?’ ಮಗನನ್ನ ಕಳ್ಕೊಂಡ ತಾಯಿಗೆ ಹೇಗನ್ನಿಸುತ್ತೆ? ಉತ್ತರ ನಮಗೂ ಗೊತ್ತು, ನಿಮಗೂ ಗೊತ್ತು. ಆದ್ರೂ ಕೇಳ್ತೀವಿ, ಯಾಕಂದ್ರೆ ನಮಗೆ ಬೇಕಿರೋದು ಆ ಕ್ಷಣದ ಕಣ್ಣೀರು. ಆಪ್ತಸಮಾಲೋಚಕರು, ಅಂದ್ರೆ ಕೌನ್ಸೆಲರ್‌ಗಳು, ಮನಃಶಾಸ್ತ್ರಜ್ಞರು, ಮನೋವೈದ್ಯರು, ಅವರೂ ಪ್ರಶ್ನೆ ಕೇಳ್ತಾರೆ. ಆದ್ರೆ ಅವರ ಪ್ರಶ್ನೆ ಜೀವ ಉಳಿಸೋಕೆ.

ಒಂದು ಮಾತು ಮೊದಲೇ ಸ್ಪಷ್ಟ ಮಾಡ್ತೀನಿ. ದುರಂತ ನೋಡಿದವರೆಲ್ಲ ಅಪಾಯದಲ್ಲಿದ್ದಾರೆ ಅಂತ ಯಾರೂ ಹೇಳ್ತಿಲ್ಲ. ಮೊದಲ ದಿನಗಳಲ್ಲಿ ನಿದ್ದೆ ಬರದಿರೋದು, ಬೆಚ್ಚಿಬೀಳೋದು, ಊಟ ಸೇರದಿರೋದು ಸಹಜ. ಮನೆಯವರ, ಊರವರ ಆಸರೆಯಲ್ಲಿ ಹೆಚ್ಚಿನವರು ನಿಧಾನಕ್ಕೆ ಚೇತರಿಸಿಕೊಳ್ತಾರೆ. ನಡೆದದ್ದನ್ನೆಲ್ಲ ಅವತ್ತೇ ಬಾಯಿಬಿಡಿಸೋದ್ರಿಂದ ಉಪಯೋಗ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಆದ್ರೆ ಕೆಲವರು ಚೇತರಿಸಿಕೊಳ್ಳಲ್ಲ. ಅವರನ್ನ ಗುರುತಿಸೋದು ಹೇಗೆ ಅನ್ನೋದೇ ಇಲ್ಲಿನ ಪ್ರಶ್ನೆ.

ಒಬ್ಬ ಹುಡುಗ ಅಂತ ಇಟ್ಕೊಳ್ಳಿ. ಇವನು ನನ್ನ ಕಲ್ಪನೆಯ ಹುಡುಗ, ಯಾರನ್ನೂ ಬೊಟ್ಟು ಮಾಡ್ತಿಲ್ಲ. ಇಂಥದೊಂದು ಮೆರವಣಿಗೆಯಲ್ಲಿ ಗೆಳೆಯನ ಪಕ್ಕದಲ್ಲೇ ಕುಣೀತಿದ್ದ. ಗೆಳೆಯ ಹೋದ, ಇವನು ಉಳಿದ. ಎರಡು ತಿಂಗಳಾದ ಮೇಲೆ ಕಾಲೇಜಿಗೆ ಸರಿಯಾಗಿ ಹೋಗ್ತಿಲ್ಲ. ‘ಅವನನ್ನ ಕರ್ಕೊಂಡು ಹೋಗಿದ್ದೇ ನಾನು’ ಅಂತಾನೆ. ಮನೆಯವರು ಆಪ್ತಸಮಾಲೋಚಕರ ಹತ್ರ ಕರ್ಕೊಂಡು ಬಂದಿದ್ದಾರೆ. ಒಳಗೆ ಏನು ನಡೆಯುತ್ತೆ?

ಮೊದಲು ಒಂದು ಒಪ್ಪಂದ. ‘ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಆದ್ರೆ ನಿನ್ನ ಜೀವಕ್ಕೋ, ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದ್ರೆ, ಎಷ್ಟು ಬೇಕೋ ಅಷ್ಟನ್ನ ಬೇರೆಯವರಿಗೆ ಹೇಳ್ಬೇಕಾಗುತ್ತೆ.’ ಇದನ್ನ ಮೊದಲ ದಿನವೇ ಹೇಳ್ತಾರೆ. ಯಾಕೆ? ನಂಬಿಸಿ ಆಮೇಲೆ ಮಾತು ಮುರಿಯೋದಕ್ಕಿಂತ, ಗುಟ್ಟಿನ ಗಡಿ ಎಲ್ಲಿದೆ ಅಂತ ಮೊದಲೇ ತೋರಿಸೋದು ಪ್ರಾಮಾಣಿಕತೆ.

ಆಮೇಲೆ ಕಿವಿ ತೆರೆದು ಕೂರ್ತಾರೆ. ‘ನಾನು ಇದ್ರೆಷ್ಟು ಹೋದ್ರೆಷ್ಟು’, ‘ಎಲ್ರಿಗೂ ಭಾರ ಆಗ್ಬಿಟ್ಟೆ’, ‘ಇನ್ನು ಸ್ವಲ್ಪ ದಿನ ಅಷ್ಟೇ’ ಇಂಥ ಮಾತು ಬಂದ್ರೆ ಅದನ್ನ ದಾಟಿ ಹೋಗಲ್ಲ. ಇಷ್ಟದ ವಸ್ತುಗಳನ್ನ ಹಂಚೋದು, ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ವಿದಾಯದ ಥರ ಫೋನ್ ಮಾಡೋದು, ಕುಡಿತ ಜಾಸ್ತಿ ಆಗೋದು, ಮಾತೇ ನಿಲ್ಲೋದು ಎಲ್ಲವೂ ಗಮನಕ್ಕೆ ಬರಬೇಕು. ಹಿಂದೆ ಯಾವತ್ತಾದ್ರೂ ಪ್ರಾಣ ಕಳ್ಕೊಳ್ಳೋಕೆ ಪ್ರಯತ್ನಿಸಿದ್ದು ಇದ್ರೆ ಅದು ದೊಡ್ಡ ಎಚ್ಚರಿಕೆ. ಇನ್ನೊಂದು ವಿಷಯ. ತುಂಬಾ ಕಂಗೆಟ್ಟಿದ್ದವನು ಒಂದು ದಿನ ಕಾರಣವೇ ಇಲ್ಲದೆ ಪೂರ್ತಿ ಶಾಂತನಾದ್ರೆ ಮನೆಯವರು ‘ಸದ್ಯ, ಸರಿಹೋದ’ ಅಂತ ಉಸಿರು ಬಿಡ್ತಾರೆ. ಅನುಭವಿ ಆಪ್ತಸಮಾಲೋಚಕರು ಆಗಲೇ ಇನ್ನೂ ಹತ್ತಿರ ಕೂತು ವಿಚಾರಿಸ್ತಾರೆ.

ಈಗ ಬರೋದು ಮುಖ್ಯವಾದ ಪ್ರಶ್ನೆ. ಅವರು ಸುತ್ತಿ ಬಳಸಿ ಕೇಳಲ್ಲ. ‘ಅಂಥದ್ದೇನೂ ಯೋಚನೆ ಇಲ್ಲ ಅಲ್ವಾ?’ ಅಂತ ಕೇಳಿದ್ರೆ ‘ಇಲ್ಲ’ ಅನ್ನೋ ಉತ್ತರವನ್ನ ನಾವೇ ಬಾಯಿಗೆ ಹಾಕಿದ ಹಾಗೆ. ಅವರು ಕಣ್ಣಲ್ಲಿ ಕಣ್ಣಿಟ್ಟು ಕೇಳ್ತಾರೆ: ‘ಸಾಯ್ಬೇಕು ಅನ್ನಿಸ್ತಿದೆಯಾ?’

‘ಅಯ್ಯೋ, ಹಾಗೆ ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಲ್ವಾ?’ ಅಂತ ನೀವು ಕೇಳ್ಬಹುದು. ಇಲ್ಲ. ಈ ಭಯವನ್ನ ಸಂಶೋಧಕರು ಮತ್ತೆ ಮತ್ತೆ ಪರೀಕ್ಷೆ ಮಾಡಿ ನೋಡಿದ್ದಾರೆ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಒಳಗೇ ಕೊಳೀತಿದ್ದ ಮಾತಿಗೆ ಬಾಗಿಲು ಸಿಗುತ್ತೆ, ಎಷ್ಟೋ ಜನಕ್ಕೆ ಭಾರ ಇಳಿದ ಹಾಗಾಗುತ್ತೆ.

‘ಹೌದು’ ಅಂದ್ರೆ ಗಾಬರಿ ಬೀಳಲ್ಲ, ಬುದ್ಧಿ ಹೇಳೋಕೂ ಹೋಗಲ್ಲ. ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋಗ್ತಾರೆ. ಬರೀ ‘ಸತ್ರೆ ಸಾಕು’ ಅನ್ನೋ ಬೇಸರವಾ, ಅಥವಾ ತಾನೇ ಏನಾದ್ರೂ ಮಾಡ್ಕೊಳ್ಳೋ ಯೋಚನೆಯಾ? ಹೇಗೆ, ಯಾವಾಗ ಅಂತ ಮನಸ್ಸಲ್ಲಿ ಬಂದಿದೆಯಾ? ಅದಕ್ಕೆ ತಯಾರಿ ನಡೆದಿದೆಯಾ? ಇಷ್ಟು ದಿನ ತಡೆದು ನಿಲ್ಲಿಸಿದ್ದು ಯಾವುದು? ಆ ಕೊನೆಯ ಪ್ರಶ್ನೆ ನೋಡಿ. ‘ಅಮ್ಮ’ ಅಂತಾನೆ ಹುಡುಗ. ‘ತಂಗಿ’ ಅಂತಾನೆ. ಕೈ ಹಿಡಿದು ಮೇಲಕ್ಕೆ ಎಳೆಯೋ ಹಗ್ಗ ಅಲ್ಲೇ ಇರುತ್ತೆ.

ಹಾಗಾದ್ರೆ ಯಾರು ಸಾಯ್ತಾರೆ, ಯಾರು ಬದುಕ್ತಾರೆ ಅಂತ ಇವರು ಭವಿಷ್ಯ ಹೇಳ್ತಾರಾ? ಖಂಡಿತ ಇಲ್ಲ. ಅಂಕ ಹಾಕೋ ಪಟ್ಟಿಗಳನ್ನ ನಂಬಿ ಮುಂದೆ ಏನಾಗುತ್ತೆ ಅಂತ ಊಹಿಸ್ಬೇಡಿ, ಅಂಕ ಕಡಿಮೆ ಬಂತು ಅಂತ ಚಿಕಿತ್ಸೆ ನಿರಾಕರಿಸ್ಬೇಡಿ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಮಾರ್ಗಸೂಚಿಯನ್ನೇ ಕೊಟ್ಟಿದೆ. ಇದು ಜ್ಯೋತಿಷ್ಯ ಅಲ್ಲ. ಇವತ್ತಿನ ರಾತ್ರಿಯನ್ನ ಸುರಕ್ಷಿತವಾಗಿ ದಾಟಿಸೋ ಕೆಲಸ.

ದಾಟಿಸೋದು ಹೇಗೆ? ಹುಡುಗನ ಜೊತೆ ಕೂತು ಒಂದು ಹಾಳೆ ಬರೀತಾರೆ. ಸುರಕ್ಷತಾ ಯೋಜನೆ ಅಂತಾರೆ ಅದಕ್ಕೆ. ಯೋಚನೆ ಜೋರಾಗೋ ಮುನ್ಸೂಚನೆ ಏನು? ಆಗ ಒಬ್ಬನೇ ಏನು ಮಾಡ್ಬಹುದು? ಎಲ್ಲಿಗೆ ಹೋಗಿ, ಯಾರ ಮಧ್ಯೆ ಕೂರ್ಬಹುದು? ಯಾರಿಗೆ ಫೋನ್ ಮಾಡಿ ‘ನಂಗೆ ಆಗ್ತಿಲ್ಲ’ ಅನ್ಬಹುದು? ಯಾವ ಡಾಕ್ಟರು, ಯಾವ ನಂಬರು? ಕೊನೆಯದಾಗಿ, ಮನೆಯಲ್ಲಿರೋ ಅಪಾಯದ ವಸ್ತುಗಳನ್ನ ಯಾರು ದೂರ ಇಡ್ತಾರೆ? ಎಲ್ಲಾ ಅವನದೇ ಮಾತಲ್ಲಿ. ‘ಏನೂ ಮಾಡ್ಕೊಳ್ಳಲ್ಲ ಅಂತ ಆಣೆ ಮಾಡು’ ಅನ್ನೋ ಹಳೇ ಪದ್ಧತಿಯನ್ನ ತಜ್ಞರು ಕೈಬಿಟ್ಟಿದ್ದಾರೆ. ಆಣೆ ಜೀವ ಉಳಿಸುತ್ತೆ ಅನ್ನೋಕೆ ಆಧಾರ ಇಲ್ಲ.

ಆ ಕೊನೆಯ ಅಂಶ ರೈತರ ಮನೆಗಳಿಗೆ ತುಂಬಾ ಮುಖ್ಯ. ಆಲೂಗಡ್ಡೆ, ಶುಂಠಿ, ಜೋಳ ಬೆಳೆಯೋ ಜಿಲ್ಲೆ ನಮ್ಮ ಹಾಸನ. ಬೆಳೆಗೆ ಹೊಡೆಯೋ ಔಷಧಿ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೋ ಬಾಗಿಲ ಹಿಂದೆಯೋ ಇರುತ್ತೆ. ಸಾಯುವ ತುಡಿತ ಅನೇಕರಲ್ಲಿ ಅಲೆಯ ಥರ ಬಂದು ಇಳಿದು ಹೋಗುತ್ತೆ. ಆ ಹೊತ್ತಲ್ಲಿ ಕೈಗೆ ಸಿಗದಿದ್ರೆ ಜೀವ ಉಳಿಯುತ್ತೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನ ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಎರಡು ದಶಕದಲ್ಲಿ ಸುಮಾರು ಶೇ. 70ರಷ್ಟು ಇಳೀತು. ನಮ್ಮ ಮನೆಯಲ್ಲಿ ಒಂದು ಬೀಗ ಹಾಕೋಕೆ ಸರ್ಕಾರದ ಆದೇಶ ಬೇಕಾ?

ಅಪಾಯ ಇವತ್ತೇ, ಈಗಲೇ ಅನ್ನಿಸಿದ್ರೆ? ಹುಡುಗನನ್ನ ಒಬ್ಬನೇ ಬಿಡಲ್ಲ. ಅವನಿಗೆ ತಿಳಿಸಿಯೇ ಮನೆಯವರನ್ನ ಒಳಗೆ ಕರೀತಾರೆ, ಆಸ್ಪತ್ರೆಗೆ ಕಳಿಸ್ತಾರೆ. ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗುಟ್ಟು ಕಾಪಾಡು ಅನ್ನುತ್ತೆ. ಜೀವಕ್ಕೆ ಅಪಾಯ ಇದ್ರೆ, ಇನ್ನೊಬ್ಬರಿಗೆ ಹಾನಿ ಆಗೋದಿದ್ರೆ, ಅದನ್ನ ತಡೆಯೋಕೆ ಬೇಕಾದಷ್ಟು ಮಾತ್ರ ಹೇಳ್ಬಹುದು ಅಂತಲೂ ಅನ್ನುತ್ತೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ದೂರು ಕೊಡಲೇಬೇಕು.

ಇನ್ನೊಬ್ಬರಿಗೆ ಹಾನಿ ಅಂದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಮನಃಶಾಸ್ತ್ರಜ್ಞನ ಮುಂದೆ ಒಬ್ಬ ಹುಡುಗಿಯನ್ನ ಕೊಲ್ತೀನಿ ಅಂದಿದ್ದ. ಮನಃಶಾಸ್ತ್ರಜ್ಞ ಕ್ಯಾಂಪಸ್ ಪೊಲೀಸರಿಗೆ ಹೇಳಿದ. ಪೊಲೀಸರು ವಿಚಾರಿಸಿ ಬಿಟ್ಟುಬಿಟ್ರು. ಹುಡುಗಿಗೆ ಮಾತ್ರ ಯಾರೂ ಹೇಳಲಿಲ್ಲ. ಆತ ಕೊಂದೇಬಿಟ್ಟ. ತಾರಾಸಾಫ್ ಪ್ರಕರಣ ಅಂತಾರೆ ಇದನ್ನ. ಅಪಾಯದಲ್ಲಿರೋ ವ್ಯಕ್ತಿಯನ್ನ ರಕ್ಷಿಸೋ ಹೊಣೆ ಚಿಕಿತ್ಸಕನ ಮೇಲಿದೆ ಅಂತ 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳ್ತು.

‘ಹೇಳ್ಕೊಂಡ್ರೆ ಪೊಲೀಸ್ ಕೇಸ್ ಆಗುತ್ತೆ’ ಅನ್ನೋ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಯೋಚನೆ ಹೇಳ್ಕೊಳ್ಳೋದು ಯಾವತ್ತೂ ಅಪರಾಧ ಆಗಿರಲಿಲ್ಲ. ಪ್ರಯತ್ನ ಮಾಡಿ ಬದುಕಿದವರ ವಿಷಯದಲ್ಲೂ ಅದೇ 2017ರ ಕಾಯ್ದೆಯ 115ನೇ ಸೆಕ್ಷನ್, ಅವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸ್ಬೇಕು, ಆರೈಕೆ ಕೊಡೋದು ಸರ್ಕಾರದ ಕರ್ತವ್ಯ ಅನ್ನುತ್ತೆ.

ಎನ್‌ಸಿಆರ್‌ಬಿ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಹೀಗೆ ಹೋದವರು 1,70,924 ಜನ. ಕರ್ನಾಟಕದಲ್ಲೇ 13,606. ಇಷ್ಟು ಜನರ ಪಕ್ಕದಲ್ಲಿ ಆಪ್ತಸಮಾಲೋಚಕರು ಇರೋಕೆ ಸಾಧ್ಯ ಇಲ್ಲ. ಇರೋದು ನೀವು. ಹಾಸ್ಟೆಲಿನ ಗೆಳೆಯ, ಪಕ್ಕದ ಮನೆಯ ಅಕ್ಕ, ಲೆಕ್ಚರರ್, ಬಸ್ಸಲ್ಲಿ ಜೊತೆಗೆ ಬರೋನು.

ನೀವು ಡಾಕ್ಟರ್ ಆಗ್ಬೇಕಿಲ್ಲ. ಮೂರೇ ಕೆಲಸ. ನೇರವಾಗಿ ಕೇಳಿ. ಪೂರ್ತಿ ಕೇಳಿಸ್ಕೊಳ್ಳಿ. ಒಬ್ಬರನ್ನೇ ಬಿಡದೆ ಸಹಾಯಕ್ಕೆ ತಲುಪಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡ್ಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ರಾಷ್ಟ್ರಮಟ್ಟದ ಹೊಣೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದ್ದು. ಜೀವಕ್ಕೆ ತಕ್ಷಣದ ಅಪಾಯ ಅಂದ್ರೆ 112, ಇಲ್ಲಾ 108.

ಮುಂದಿನ ವರ್ಷವೂ ಗಣಪತಿ ಬರ್ತಾನೆ. ಡೊಳ್ಳಿನ ಸದ್ದು ಕೇಳಿ ಯಾರೋ ಒಬ್ಬರು ಎದ್ದು ಒಳಗೆ ಹೋಗ್ಬಹುದು. ಆಗ ಅವರ ಹಿಂದೆಯೇ ಹೋಗಿ, ಪಕ್ಕದಲ್ಲಿ ಕೂತ್ಕೊಳ್ಳಿ. ಕೈಯಲ್ಲಿ ಮೈಕ್ ಇಲ್ಲದೆ ಕೇಳಿ: ‘ಹೇಗಿದ್ದೀಯಪ್ಪಾ?’ ಉತ್ತರ ಬರೋ ತನಕ ಏಳ್ಬೇಡಿ.