ಮರದ ಹದ

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಹಾಗೂ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಗಳಲ್ಲಿ ಗುಡಿಗಾರರೆಂಬ ಶಿಲ್ಪಿಗಳು ತಲೆಮಾರುಗಳಿಂದ ನೆಲಸಿದ್ದಾರೆ. ಗಂಧ, ಶಿವನಿ ಮೊದಲಾದ ಮರಗಳಲ್ಲಿ ದೇವತಾಮೂರ್ತಿಗಳನ್ನೂ ಚಿತ್ತಾರದ ಪೆಟ್ಟಿಗೆಗಳನ್ನೂ ಕೆತ್ತುವುದು ಅವರ ಕುಲವೃತ್ತಿ. ಒಂದೊಂದು ಮೂರ್ತಿಗೆ ಕೆಲವೊಮ್ಮೆ ತಿಂಗಳುಗಟ್ಟಲೆ ದುಡಿಮೆ ಬೇಕಾಗುತ್ತದೆ. ಹೀಗೆ ಕಣ್ಣು, ಮೂಗು, ಕಿರೀಟಗಳೆಲ್ಲ ಮೂಡಿ ಸಿದ್ಧವಾದ ಮೂರ್ತಿಯೊಂದು ಬೇಸಗೆಯ ಒಂದು ಮಧ್ಯಾಹ್ನ 'ಚಟ್' ಎಂದು ಸದ್ದುಮಾಡಿ ಹಣೆಯಿಂದ ಎದೆಯವರೆಗೆ ಸೀಳಿಹೋಗುವುದುಂಟು. ಬಿರುಕು ಬಿಟ್ಟ ವಿಗ್ರಹವು ಪೂಜೆಗೆ ಸಲ್ಲದೆಂಬುದು ಜನರ ನಂಬಿಕೆ. ಮಾರಾಟಕ್ಕೂ ಅದು ಸಲ್ಲದು. ಶಿಲ್ಪಿಯ ಕೈಚಳಕದಲ್ಲಿ ಕೊರತೆಯೇನೂ ಇರಲಿಲ್ಲ. ಮರ ಹಸಿಯಾಗಿತ್ತು, ಅಷ್ಟೆ.

ಮರವು ಸೂಕ್ಷ್ಮವಾದ ಟೊಳ್ಳು ಕೋಶಗಳ ರಾಶಿ. ಜೀವಂತ ವೃಕ್ಷದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಟೊಳ್ಳಿನಲ್ಲಿ ಮತ್ತು ಕೋಶಗಳ ಗೋಡೆಯಲ್ಲಿ. ನೆನೆದ ಗೋಣಿಚೀಲವನ್ನು ಹಗ್ಗದ ಮೇಲೆ ಹರವಿದರೆ ಮೊದಲು ನೀರು ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವುದು ನಿಂತ ಮೇಲೂ ನಾರಿನೊಳಗಿನ ತೇವ ಬಹಳ ಹೊತ್ತು ಉಳಿಯುತ್ತದೆ. ಮರದಲ್ಲಿಯೂ ಟೊಳ್ಳಿನ ನೀರು ಮೊದಲು ಹೋಗುತ್ತದೆ. ಆಗ ತೂಕ ಇಳಿಯುವುದೇ ಹೊರತು ಮರದ ಅಳತೆ ಬದಲಾಗುವುದಿಲ್ಲ. ತೇವಾಂಶವು ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದಾಗ ಗೋಡೆಗಳು ತಮ್ಮ ನೀರನ್ನು ಬಿಡತೊಡಗುತ್ತವೆ. ಮರ ಕುಗ್ಗಲು ಆರಂಭವಾಗುವುದು ಅಲ್ಲಿಂದಲೇ.

ಈ ತೇವಾಂಶವನ್ನು ಲೆಕ್ಕಹಾಕುವ ಕ್ರಮ ಸರಳವಾದುದು. 150 ಗ್ರಾಂ ತೂಗುವ ಒಂದು ತುಂಡನ್ನು ಸುಮಾರು 103 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟು, ತೂಕ ಇನ್ನು ಇಳಿಯದೆಂಬವರೆಗೆ ಒಣಗಿಸಿದಾಗ ಅದು 100 ಗ್ರಾಂ ಆಯಿತೆನ್ನೋಣ. ಹೋದ ನೀರು 50 ಗ್ರಾಂ. ಅದನ್ನು ಒಣಮರದ ತೂಕದಿಂದ ಭಾಗಿಸಿದರೆ ತೇವಾಂಶ ಶೇಕಡಾ 50. ಭಾಗಿಸುವುದು ಒಣತೂಕದಿಂದಲಾದ್ದರಿಂದ ಕೆಲವು ಹಸಿಮರಗಳ ತೇವಾಂಶ ಶೇಕಡಾ 100ನ್ನೂ ಮೀರುವುದು ಆಶ್ಚರ್ಯವಲ್ಲ.

ಮರವು ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಕುಗ್ಗಿದ್ದರೆ ತೊಂದರೆ ಅಷ್ಟಾಗಿ ಇರುತ್ತಿರಲಿಲ್ಲ. ಹಸಿಯಿಂದ ಪೂರ್ತಿ ಒಣಗುವವರೆಗೆ ಅನೇಕ ಮರಗಳು ಉದ್ದಕ್ಕೆ ಕುಗ್ಗುವುದು ಶೇಕಡಾ ಒಂದಕ್ಕಿಂತಲೂ ಬಹಳ ಕಡಮೆ. ನಡುವಿನಿಂದ ತೊಗಟೆಯತ್ತ ಸುಮಾರು ಶೇಕಡಾ 4. ಬೆಳವಣಿಗೆಯ ಉಂಗುರಗಳ ಗುಂಟ ಅದರ ಇಮ್ಮಡಿ, ಸುಮಾರು ಶೇಕಡಾ 8. ಕೈ ಸೊರಗಿದ್ದಕ್ಕಿಂತ ಹೆಚ್ಚಾಗಿ ಬಳೆ ಸೊರಗಿದರೆ ಬಳೆ ಒಡೆಯಲೇಬೇಕು. ಇಡೀ ದಿಮ್ಮಿಯು ನಡುವಿನಿಂದ ಹೊರಕ್ಕೆ ಸೀಳುವುದು ಈ ಕಾರಣದಿಂದಲೇ. ಆದುದರಿಂದ ಅನುಭವಿಯಾದ ಶಿಲ್ಪಿಯು ದಿಮ್ಮಿಯನ್ನು ಸೀಳಿಸಿ, ನಡುವಿನ ತಿರುಳಿಲ್ಲದ ತುಂಡನ್ನೇ ಆರಿಸಿಕೊಳ್ಳುತ್ತಾನೆ. ಶಿವನಿ ಮರದ ಮೇಲೆ ಕೆತ್ತನೆಗಾರರಿಗಿರುವ ಒಲವಿಗೂ ಅದು ಕುಗ್ಗುವುದು ಕಡಮೆ ಎಂಬುದು ಒಂದು ಕಾರಣ.

ಇನ್ನೊಂದು ಅಪಾಯ ಅವಸರದ್ದು. ದಪ್ಪ ತುಂಡನ್ನು ಬಿಸಿಲಿಗಿಟ್ಟರೆ ಹೊರಪದರ ಬೇಗ ಒಣಗಿ ಕುಗ್ಗಲು ಹವಣಿಸುತ್ತದೆ, ಒಳಗಿನ ಹಸಿಭಾಗ ಅದಕ್ಕೆ ಎಡೆಗೊಡುವುದಿಲ್ಲ, ಹೊರಪದರ ಸೀಳುತ್ತದೆ. ಮರದ ನಾರುಗಳು ತೆರೆದುಕೊಳ್ಳುವ ಎರಡು ತುದಿಗಳಲ್ಲಂತೂ ನೀರು ಪಕ್ಕಗಳಿಗಿಂತ ಹಲವು ಪಟ್ಟು ಬೇಗ ಹೊರಬೀಳುತ್ತದೆ. ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಸಗಣಿಯನ್ನೋ ಬಳಿಯುವ ವಾಡಿಕೆ ಇದಕ್ಕಾಗಿಯೇ ಬಂದುದು. ಅನಂತರ ತುಂಡುಗಳನ್ನು ನೆಲಕ್ಕೆ ತಾಗದಂತೆ, ನಡುನಡುವೆ ರಿಪೀಸುಗಳನ್ನಿಟ್ಟು ನೆರಳಿನಲ್ಲಿ ಪೇರಿಸಿಡಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಮಾತು ಚಳಿದೇಶಗಳದು. ನಮ್ಮ ಹವೆಯಲ್ಲಿ ಅಷ್ಟು ಕಾಲ ಹಿಡಿಯದು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರದ ಸಣ್ಣ ತುಂಡುಗಳು ಎರಡು ಮೂರು ತಿಂಗಳಲ್ಲಿ ಹದಕ್ಕೆ ಬರುತ್ತವೆ.

ಆದರೆ ಎಷ್ಟು ಒಣಗಿದರೆ ಸಾಕು? ಮರವನ್ನು ಎಷ್ಟೇ ಒಣಗಿಸಿದರೂ ಅದು ಗಾಳಿಯೊಡನೆ ತನ್ನ ಕೊಡುಕೊಳ್ಳುವಿಕೆಯನ್ನು ನಿಲ್ಲಿಸುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಗಾಳಿಯ ತೇವ ಶೇಕಡಾ 90ರ ಸಮೀಪದಲ್ಲಿರುವಾಗ, ಒಣಗಿದ ಮರವೂ ತೇವ ಹೀರಿ ಶೇಕಡಾ 20ರ ಹತ್ತಿರಕ್ಕೆ ಬರುತ್ತದೆ. ದೆಹಲಿಯ ಮೇ ತಿಂಗಳ ಒಣಹವೆಯಲ್ಲಿ ಅದೇ ಮರ ಶೇಕಡಾ 6 ಅಥವಾ 7ಕ್ಕೆ ಇಳಿಯಬಲ್ಲದು. ಸಾಗರದಲ್ಲಿ ಆಷಾಢಮಾಸದಲ್ಲಿ ಕೆತ್ತಿದ 30 ಸೆಂಟಿಮೀಟರ್ ಅಗಲದ ಫಲಕವು ದೆಹಲಿಯ ಗೋಡೆಯ ಮೇಲೆ ಕೆಲವು ಮಿಲಿಮೀಟರುಗಳಷ್ಟು ಕಿರಿದಾಗುತ್ತದೆ. ಅದನ್ನು ಅಲುಗಾಡದಂತೆ ಚೌಕಟ್ಟಿಗೆ ಬಿಗಿದಿದ್ದರೆ ಸೀಳದೆ ಬೇರೆ ದಾರಿಯಿಲ್ಲ. ಹದವೆಂದರೆ ನೀರಿಲ್ಲದಿರುವುದಲ್ಲ, ಮರವು ಮುಂದೆ ಬಾಳಬೇಕಾದ ಮನೆಯ ಗಾಳಿಗೆ ಹೊಂದಿಕೊಂಡಿರುವುದು.

ದೊಡ್ಡ ಮೂರ್ತಿಗಳ ನಡುಭಾಗವನ್ನು ಒಣಗಿಸುವುದು ಇನ್ನೂ ಕಷ್ಟ. ಇದಕ್ಕೆ ಜಪಾನಿನ ಶಿಲ್ಪಿಗಳು ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು. ಉಜಿ ಪಟ್ಟಣದ ಬ್ಯೋದೊಇನ್ ದೇವಾಲಯದಲ್ಲಿ ಜೋಚೋ ಎಂಬ ಶಿಲ್ಪಿ 1053ರಲ್ಲಿ ನಿರ್ಮಿಸಿದ ಅಮಿದ ಬುದ್ಧನ ಮೂರ್ತಿ ಸುಮಾರು 2.8 ಮೀಟರ್ ಎತ್ತರವಿದೆ. ಅದು ಒಂದೇ ದಿಮ್ಮಿಯದಲ್ಲ. ಹಲವು ತುಂಡುಗಳನ್ನು ಜೋಡಿಸಿ, ಒಳಗನ್ನು ಟೊಳ್ಳಾಗಿ ತೋಡಿದುದು. ಟೊಳ್ಳು ಮೂರ್ತಿಯಲ್ಲಿ ತೆಳುವಾದ ಗೋಡೆ ಮಾತ್ರ ಉಳಿಯುವುದರಿಂದ ಒಳಗೂ ಹೊರಗೂ ಸಮನಾಗಿ ಒಣಗಲು ಅವಕಾಶವಾಗುತ್ತದೆ. ತೂಕವೂ ಕಡಮೆ.

ಚಿಕ್ಕ ಮೂರ್ತಿಗೆ ಇಷ್ಟೆಲ್ಲ ಬೇಡ. ಒಡ್ಡೊಡ್ಡಾಗಿ ಆಕಾರ ತೆಗೆದು, ಬೇಡವಾದ ದಪ್ಪವನ್ನು ಮೊದಲೇ ಕಳೆದು, ಗೋಣಿಯಲ್ಲಿ ಸುತ್ತಿ ಮನೆಯ ಮೂಲೆಯಲ್ಲಿಟ್ಟರಾಯಿತು. ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ, ಆ ತೂಕವನ್ನು ಮರದ ಮೇಲೆಯೇ ಸೀಸದಕಡ್ಡಿಯಿಂದ ಬರೆದಿಡಬಹುದು. ಮೂರು ನಾಲ್ಕು ವಾರ ಒಂದೇ ಅಂಕಿ ಬಂದಿತೆಂದರೆ ಮರವು ಆ ಮನೆಯ ಗಾಳಿಗೆ ಒಗ್ಗಿದೆ. ಆಗ ಆ ಅಂಕಿಗಳನ್ನು ಉಜ್ಜಿ ತೆಗೆದು, ಸಣ್ಣ ಉಳಿಯನ್ನು ಮಸೆದು, ಕಣ್ಣುರೆಪ್ಪೆಯ ಕೆಲಸಕ್ಕೆ ಕೂರಬಹುದು.